ಒಂದು ಫ್ಯಾನ್, ಹದಿನೆಂಟು ಫೈಲ್: ಹಲವು ಮಾಧ್ಯಮಗಳ ಜಾಹೀರಾತು ನಿರ್ಮಾಣದ ಉಸ್ತುವಾರಿ – ಪ್ರಕರಣ ಅಧ್ಯಯನ

ಜಾಹೀರಾತು ನಿರ್ಮಾಣದ ಉಸ್ತುವಾರಿ ಕಲಿಯುವವರಿಗಾಗಿ ಹೆಣೆದ ಪ್ರಕರಣವಿದು. ಕಂಪನಿ, ಏಜೆನ್ಸಿ, ಅಲ್ಲಿನ ಜನ ಎಲ್ಲವೂ ಕಲ್ಪಿತ. ಅಳತೆಗಳು, ಮಾನದಂಡಗಳು, ತೊಡಕುಗಳು ಮಾತ್ರ ಈ ಕೆಲಸದಲ್ಲಿರುವ ಯಾರಿಗಾದರೂ ಪರಿಚಿತ.

ಸನ್ನಿವೇಶ

ಸೀಲಿಂಗ್ ಫ್ಯಾನ್ ತಯಾರಿಸುವ ಕಂಪನಿಯೊಂದು ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕರೆಂಟು ಕಡಿಮೆ ಎಳೆಯುವ) ಮೋಟರಿನ ಹೊಸ ಮಾದರಿಯನ್ನು ಮಾರುಕಟ್ಟೆಗೆ ಬಿಡಲಿದೆ. ಬಿಡುಗಡೆಗೆ 8 ವಾರ ಬಾಕಿ. ಟಿವಿ, ಸಿನಿಮಾ ಮಂದಿರ, ರೇಡಿಯೊ, ದಿನಪತ್ರಿಕೆ, ಮ್ಯಾಗಜಿನ್, ಹೋರ್ಡಿಂಗ್, ಬಸ್ ತಂಗುದಾಣದ ಫಲಕ, ಮೊಬೈಲ್ ಎಲ್ಲ ಕಡೆಯೂ ಜಾಹೀರಾತು ಹೋಗಬೇಕು. ನಿರ್ಮಾಣದ ಉಸ್ತುವಾರಿ ಕಂಪನಿಯ ಕಿರಿಯ ಪ್ರೊಡ್ಯೂಸರ್ ಒಬ್ಬಳ ಪಾಲಿಗೆ ಬಂದಿದೆ. ಆಕೆಗೆ ಡಿಸೈನ್ ಚೆನ್ನಾಗಿ ಗೊತ್ತು, ಎಡಿಟಿಂಗ್ ಅಷ್ಟಿಷ್ಟು ಗೊತ್ತು. ಮುದ್ರಣಾಲಯದ ಒಳಗೆ ಕಾಲಿಟ್ಟಿಲ್ಲ. ಮೇಲೊಬ್ಬರು ಹಿರಿಯ ಪ್ರೊಡ್ಯೂಸರ್ ಇದ್ದಾರೆ, ವಾರಕ್ಕೊಮ್ಮೆ ಕೂತು ಲೆಕ್ಕ ಕೇಳುತ್ತಾರೆ.

ಏಜೆನ್ಸಿ ಕೊಟ್ಟ ಯೋಜನೆ ನೋಡಲು ಸಲೀಸು. ಮೊದಲ ಎರಡು ವಾರ ಸ್ಕ್ರಿಪ್ಟ್, ಮೂರನೆಯ ವಾರ ಪೂರ್ವಸಿದ್ಧತೆ, ನಾಲ್ಕನೆಯ ವಾರ ಶೂಟಿಂಗ್, ಆಮೇಲೆ ಎರಡು ವಾರ ಎಡಿಟಿಂಗ್ ಮತ್ತು ಮಿಕ್ಸಿಂಗ್, ಏಳನೆಯ ವಾರ 'ಉಳಿದ ಮಾಧ್ಯಮಗಳಿಗೆ ಹೊಂದಿಸುವುದು'. ಪತ್ರಿಕೆಗೆ ಬೇಕಾದ ಫೋಟೊಗಳನ್ನು ಶೂಟಿಂಗ್ ದಿನವೇ ಬಿಡುವಾದಾಗ ತೆಗೆದುಕೊಳ್ಳುವುದು. ಎಸ್ಟಿಮೇಟಿನಲ್ಲಿ ನೂರಕ್ಕೆ 72 ಪಾಲು ಟಿವಿ ಚಿತ್ರಕ್ಕೆ. ಅನಿರೀಕ್ಷಿತ ಖರ್ಚಿಗೆ ಏನೂ ಇಲ್ಲ.

ಯೋಜನೆ ತಪ್ಪುವುದು ಆ 'ಉಳಿದ' ಎಂಬಲ್ಲಿ. ಚಿತ್ರವನ್ನು ತಾಯಿ ಮಾಡಿ ಮಿಕ್ಕವನ್ನೆಲ್ಲ ಅದರ ಮಕ್ಕಳೆಂದು ಎಣಿಸಿದರೆ, ಮಕ್ಕಳಿಗೆ ಬೇಕಾದದ್ದು ತಾಯಿಯ ಬಳಿ ಇಲ್ಲ ಎಂಬುದು ಏಳನೆಯ ವಾರ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಸೆಟ್ ಬಿಚ್ಚಿರುತ್ತಾರೆ, ನಟಿ ಬೇರೆ ಊರಲ್ಲಿರುತ್ತಾಳೆ.

ಮೊದಲು ತಲುಪಿಸಬೇಕಾದವುಗಳ ಪಟ್ಟಿ

ಹಿರಿಯರು ಹೇಳಿದ ಮೊದಲ ಕೆಲಸ, ಸ್ಕ್ರಿಪ್ಟ್ ಓದುವುದಕ್ಕೂ ಮುಂಚೆ ಕೊನೆಗೆ ಹೊರಹೋಗುವ ಪ್ರತಿ ಫೈಲಿಗೂ ಒಂದೊಂದು ಸಾಲು ಬರೆಯುವುದು. ಕಿರಿಯ ಪ್ರೊಡ್ಯೂಸರ್ ಬರೆದಾಗ ಸಿಕ್ಕಿದ್ದು 18 ಸಾಲು. ವಿಡಿಯೊ ಆರು: ಟಿವಿಗೆ 30 ಮತ್ತು 15 ಸೆಕೆಂಡಿನವು, ಸಿನಿಮಾಕ್ಕೆ 30 ಸೆಕೆಂಡಿನದು, ಮೊಬೈಲಿಗೆ 15 ಸೆಕೆಂಡಿನ ನಿಂತ ಆಕಾರದ್ದು ಮತ್ತು ಚೌಕದ್ದು, ಜೊತೆಗೆ 6 ಸೆಕೆಂಡಿನ ತುಣುಕು. ಆಡಿಯೊ ಎರಡು, ದಿನಪತ್ರಿಕೆಗೆ ಎರಡು, ಮ್ಯಾಗಜಿನ್‌ಗೆ ಒಂದು, ಎರಡು ಅಳತೆಯ ಹೋರ್ಡಿಂಗ್, ಬಸ್ ತಂಗುದಾಣದ ಒಂದು ಬ್ಯಾಕ್‌ಲಿಟ್ (ಹಿಂದಿನಿಂದ ಬೆಳಗುವ) ಫಲಕ, ನಾಲ್ಕು ವೆಬ್ ಬ್ಯಾನರ್.

ಪ್ರತಿ ಸಾಲಿಗೂ ಅಳತೆ ಅಥವಾ ಅವಧಿ, ಫೈಲಿನ ಬಗೆ, ಯಾರಿಗೆ ತಲುಪಬೇಕು, ಯಾವ ದಿನ, ಯಾರ ಒಪ್ಪಿಗೆ ಬೇಕು ಎಂಬ ಕಾಲಂಗಳು ಯಾರಿಗಾದರೂ ಹೊಳೆಯುತ್ತವೆ. ಹೊಳೆಯದ ಎರಡು ಕಾಲಂಗಳನ್ನು ಹಿರಿಯರು ಸೇರಿಸಿದರು. ಆ ಫೈಲಿನಲ್ಲಿ ಉತ್ಪನ್ನದ ಬಗ್ಗೆ ಯಾವ ಯಾವ ಮಾತು ಕೊಟ್ಟಿದ್ದೇವೆ ಎಂಬುದು ಒಂದು, ಅದರಲ್ಲಿ ಯಾರ ಮುಖ, ಯಾರ ದನಿ, ಯಾವ ಸಂಗೀತ, ಯಾವ ಫೋಟೊ ಇದೆ ಎಂಬುದು ಇನ್ನೊಂದು. ಮುಂದೆ ಈ ಕೆಲಸವನ್ನು ಉಳಿಸಿದ್ದು ಈ ಎರಡೇ.

ತಲುಪಬೇಕಾದ ದಿನದ ಪ್ರಕಾರ ಸಾಲುಗಳನ್ನು ಜೋಡಿಸಿದ ಕೂಡಲೇ ಏಜೆನ್ಸಿಯ ಯೋಜನೆ ಕುಸಿಯಿತು. ಮ್ಯಾಗಜಿನ್‌ಗೆ ಬಿಡುಗಡೆಗಿಂತ 5 ವಾರ ಮುಂಚೆ ಫೈಲ್ ಬೇಕು, ಅಂದರೆ ಮೂರನೆಯ ವಾರದ ಕೊನೆಗೆ. ಫೋಟೊ ತೆಗೆಯುವುದೋ ನಾಲ್ಕನೆಯ ವಾರ! ಹೋರ್ಡಿಂಗ್ ಮುದ್ರಿಸಿ ಕಟ್ಟಲು 13 ದಿನ ಬೇಕು. ಸಿನಿಮಾ ಮಂದಿರಗಳಿಗೆ 10 ದಿನ ಮುಂಚೆ, ಟಿವಿ ವಾಹಿನಿಗಳಿಗೆ 5 ಕೆಲಸದ ದಿನ ಮುಂಚೆ. ದಿನಪತ್ರಿಕೆ, ರೇಡಿಯೊ ಎರಡೇ ದಿನದಲ್ಲಿ ಆಗುತ್ತವೆ.

ಎರಡು ದಾರಿ ಇದ್ದವು. ಇಡೀ ಶೂಟಿಂಗ್ ಎರಡನೆಯ ವಾರಕ್ಕೆ ಎಳೆದು ತರುವುದು ಒಂದು. ಸ್ಕ್ರಿಪ್ಟ್ ಅರೆಬೆಂದಿರುವಾಗ ಅದು ಅಪಾಯ. ಮ್ಯಾಗಜಿನ್ ಜಾಹೀರಾತಿನಲ್ಲಿ ಮನುಷ್ಯರೇ ಇಲ್ಲದಂತೆ ಬರೀ ಫ್ಯಾನನ್ನು ಸ್ಟುಡಿಯೊದಲ್ಲಿ ತೆಗೆಯುವುದು ಇನ್ನೊಂದು. ಎರಡನೆಯದನ್ನು ಆರಿಸಿದರು. ಇದರಲ್ಲೂ ಒಂದು ತೊಡಕಿದೆ. ಎರಡನೆಯ ವಾರ ಕಾರ್ಖಾನೆಯಿಂದ ಬರುವುದು ಕೈಯಿಂದ ಜೋಡಿಸಿದ ಮಾದರಿ ತುಂಡು, ಅದರ ಬಣ್ಣ ಅಂತಿಮವಾಗಿರುವುದಿಲ್ಲ. ಹಾಗಾಗಿ ಉತ್ಪಾದನೆಗೆ ಒಪ್ಪಿದ ಪೇಂಟಿನ ಚಿಕ್ಕ ಹಲಗೆಯನ್ನೂ ಬೂದು ಕಾರ್ಡನ್ನೂ ಅದೇ ಬೆಳಕಿನಲ್ಲಿಟ್ಟು ಒಂದು ಫ್ರೇಮ್ ತೆಗೆದುಕೊಂಡರು. ಆಮೇಲೆ ಬಣ್ಣ ತಿದ್ದುವವರಿಗೆ ಆ ಫ್ರೇಮೇ ಆಧಾರ. ಅದಿಲ್ಲದಿದ್ದರೆ ಬಣ್ಣದ ತೀರ್ಪು ನೆನಪಿನ ಮೇಲೆ, ಇಲ್ಲವೇ ಒಬ್ಬೊಬ್ಬರ ಮೊಬೈಲ್ ಸ್ಕ್ರೀನಿನ ಮೇಲೆ ನಿಲ್ಲುತ್ತದೆ.

ಎಸ್ಟಿಮೇಟ್ ಹೊಸದಾಗಿ ಹೀಗಾಯಿತು: ಚಿತ್ರಕ್ಕೆ 58, ಸ್ಥಿರಚಿತ್ರಕ್ಕೆ 9, ಡಿಜಿಟಲ್ ರೂಪಗಳಿಗೆ 8, ನಟರು ಮತ್ತು ಸಂಗೀತದ ಹಕ್ಕುಗಳಿಗೆ 7, ಮುದ್ರಣದ ಆರ್ಟ್‌ವರ್ಕಿಗೆ 5, ರೇಡಿಯೊಗೆ 3, ಮೀಸಲು 10. ಚಿತ್ರಕ್ಕೆ ಮೂರು ನಿರ್ಮಾಣ ಸಂಸ್ಥೆಗಳಿಂದ ದರ ತರಿಸಿದರು. ಮೂವರಿಗೂ ಕೊಟ್ಟ ಬ್ರೀಫ್ ಒಂದೇ ಆಗಿದ್ದರೆ ಸಾಲದು, ತುಂಬಲು ಕೊಟ್ಟ ನಮೂನೆಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಒಬ್ಬರು ಬಣ್ಣ ತಿದ್ದುವ ಖರ್ಚನ್ನು ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಕಡಿಮೆ ದರ ಅಂದುಕೊಂಡದ್ದು ಆಮೇಲೆ ಹೆಚ್ಚಿನದಾಗಿರುತ್ತದೆ.

ಕೊಟ್ಟ ಮಾತಿಗೆ ಆಧಾರ

ಸ್ಕ್ರಿಪ್ಟಿನ ಮುಖ್ಯ ಸಾಲು 'ಅರ್ಧಕ್ಕಿಂತ ಕಡಿಮೆ ಕರೆಂಟು'. ಸಾಧಾರಣ ಇಂಡಕ್ಷನ್ ಮೋಟರಿನ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 70–80 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿಯದು 28–35. ಮಾತು ಸುಳ್ಳಲ್ಲ. ಆದರೆ ಯಾವುದಕ್ಕಿಂತ ಅರ್ಧ? ಯಾವ ವೇಗದಲ್ಲಿ? ಪರೀಕ್ಷೆ ಮಾಡಿದವರು ಯಾರು? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಬರುವತನಕ ಕಿರಿಯ ಪ್ರೊಡ್ಯೂಸರ್ ಸ್ಕ್ರಿಪ್ಟಿಗೆ ಸಹಿ ಹಾಕಲಿಲ್ಲ. ಲ್ಯಾಬ್ ವರದಿ ಬಂದ ಮೇಲೆ ಅಡಿಟಿಪ್ಪಣಿ ಹೀಗೆ ನಿಂತಿತು: 'ಇದೇ ಕಂಪನಿಯ ಇದೇ ಅಳತೆಯ ಇಂಡಕ್ಷನ್ ಮಾದರಿಗೆ ಹೋಲಿಸಿ, ಪೂರ್ಣ ವೇಗದಲ್ಲಿ.'

ಈ ಅಡಿಟಿಪ್ಪಣಿ ಪತ್ರಿಕೆಯಲ್ಲಿ ಒಂದು ಸಾಲು, ಟಿವಿಯಲ್ಲಿ ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕಾದ ಅಕ್ಷರ, ರೇಡಿಯೊದಲ್ಲಿ ಪೂರ್ತಿ 5 ಸೆಕೆಂಡು. 30 ಸೆಕೆಂಡಿನ ರೇಡಿಯೊ ಸ್ಪಾಟಿನಲ್ಲಿ 5 ಹೋದರೆ ಆರನೆಯ ಒಂದು ಭಾಗ ಹೋಯಿತು. ಇದನ್ನು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಕಂಡುಕೊಂಡರೆ ದನಿ ಕೊಡುವವರು ಉಸಿರು ಕಟ್ಟಿ ಓದಬೇಕಾಗುತ್ತದೆ, ಕೇಳುವವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಬರೆದ ಮೇಜಿನಲ್ಲೇ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ 28 ಸೆಕೆಂಡಿಗೆ ಮುಗಿಯುವಂತೆ ಕತ್ತರಿಸಿದ್ದರಿಂದ ಅದು ತಪ್ಪಿತು. ಪದ ಎಣಿಸಿ ಅವಧಿ ಅಂದಾಜು ಮಾಡುವ ಅಭ್ಯಾಸ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಒಂದೇ ಪದ ಮೂರು ಪದದಷ್ಟು ಉದ್ದ ಇರಬಹುದು.

ಹಿಂದಕ್ಕೆ ತಿರುಗಿದ ಫ್ಯಾನ್

ಪೂರ್ವಸಿದ್ಧತೆಯ ಸಭೆಯಲ್ಲಿ ನಿರ್ದೇಶಕರು ಶಾಟ್‌ಗಳ ಪಟ್ಟಿ, ನಟರು, ಉಡುಪು, ಕೋಣೆ, ವೇಳಾಪಟ್ಟಿ ಎಲ್ಲ ತೋರಿಸಿದರು. ಕಿರಿಯ ಪ್ರೊಡ್ಯೂಸರ್ ಕೇಳಿದ್ದು ಒಂದು ಟೆಸ್ಟ್ ಶಾಟ್: ಓಡುತ್ತಿರುವ ಫ್ಯಾನಿನದು. 'ಫ್ಯಾನ್ ತಿರುಗುವುದಕ್ಕೂ ಟೆಸ್ಟ್ ಬೇಕಾ ಮೇಡಂ?' ಎಂದು ಕ್ಯಾಮೆರಾದವರು ನಕ್ಕರು. ಆದರೂ ತೆಗೆದರು. ಪರದೆಯ ಮೇಲೆ ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಲೆಕ್ಕ ಸುಲಭ. ಫ್ಯಾನಿಗೆ 3 ರೆಕ್ಕೆ, ಅಂದರೆ ಒಂದರಿಂದ ಇನ್ನೊಂದಕ್ಕೆ 120 ಡಿಗ್ರಿ. ವೇಗ ನಿಮಿಷಕ್ಕೆ 350 ಸುತ್ತು. ಟಿವಿಗೆ ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ತೆಗೆದರೆ ಒಂದು ಫ್ರೇಮಿನಿಂದ ಮುಂದಿನದಕ್ಕೆ ರೆಕ್ಕೆ 84 ಡಿಗ್ರಿ ಸಾಗಿರುತ್ತದೆ. ಮೂರೂ ರೆಕ್ಕೆ ಒಂದೇ ಥರ ಇರುವುದರಿಂದ, ಒಂದು ರೆಕ್ಕೆ 84 ಡಿಗ್ರಿ ಮುಂದೆ ಹೋಯಿತು ಎನ್ನುವ ಬದಲು ಮತ್ತೊಂದು ರೆಕ್ಕೆ 36 ಡಿಗ್ರಿ ಹಿಂದೆ ಬಂತು ಎಂದು ಕಣ್ಣು ತಿಳಿಯುತ್ತದೆ. ಪರಿಣಾಮ, ನಿಮಿಷಕ್ಕೆ 150 ಸುತ್ತಿನ ವೇಗದಲ್ಲಿ ಹಿಂದಕ್ಕೆ ಸುತ್ತುವ ಫ್ಯಾನ್. ಸರಿಯಾಗಿ 500 ಸುತ್ತಿದ್ದಿದ್ದರೆ ಫ್ರೇಮಿಗೆ 120 ಡಿಗ್ರಿಯಾಗಿ ಫ್ಯಾನ್ ನಿಂತೇ ಹೋದಂತೆ ಕಾಣುತ್ತಿತ್ತು. ಫ್ಯಾನ್ ಮಾರುವ ಜಾಹೀರಾತಿಗೆ ಇದಕ್ಕಿಂತ ಕೆಟ್ಟದ್ದು ಬೇಕೆ?

'ಎಡಿಟಿಂಗಿನಲ್ಲಿ ನೋಡಿಕೊಳ್ಳೋಣ ಬಿಡಿ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಫ್ರೇಮಿನಲ್ಲಿ ಸೆರೆಯಾದ ರೆಕ್ಕೆಯನ್ನು ಆಮೇಲೆ ಕದಲಿಸಬೇಕಾದರೆ ಒಂದೊಂದೇ ಫ್ರೇಮನ್ನು ಗ್ರಾಫಿಕ್ಸ್‌ನಲ್ಲಿ ಕಟ್ಟಬೇಕು. ಶೂಟಿಂಗಿನಲ್ಲೇ ಇರುವ ಪರಿಹಾರ ಎರಡು. ಫ್ಯಾನಿನ ವೇಗವನ್ನು 250 ಸುತ್ತಿಗಿಂತ ಚೆನ್ನಾಗಿ ಕೆಳಗೆ ಇಳಿಸಬಹುದು. ಆಗ ಫ್ರೇಮಿಗೆ 60 ಡಿಗ್ರಿಗಿಂತ ಕಡಿಮೆಯಾಗಿ ತಿರುಗುವಿಕೆ ಮುಂದಕ್ಕೇ ಕಾಣುತ್ತದೆ. ಇಲ್ಲವೇ ಪೂರ್ಣ ವೇಗದಲ್ಲೇ ಓಡಿಸಿ ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ತೋರಿಸಬಹುದು. ಫ್ರೇಮಿಗೆ 42 ಡಿಗ್ರಿ, ಸ್ಲೋಮೋಷನ್ನಿನ ಸೊಗಸು ಬೇರೆ. ಷಟರ್ ಹೊತ್ತನ್ನು ಹಿಗ್ಗಿಸಿದರೆ ರೆಕ್ಕೆ ಮಸುಕಾಗಿ ಉಲ್ಟಾ ತಿರುಗುವುದು ಅಷ್ಟಾಗಿ ಗೊತ್ತಾಗುವುದಿಲ್ಲವಾದರೂ ದಿಕ್ಕು ಬದಲಾಗುವುದಿಲ್ಲ. ಹತ್ತಿರದ ಶಾಟ್‌ಗಳಿಗೆ 50 ಫ್ರೇಮಿನ ದಾರಿ, ದೂರದವಕ್ಕೆ ನಿಧಾನ ವೇಗ ಎಂದು ನಿರ್ಧಾರವಾಯಿತು.

ಅಲ್ಲಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಫ್ಯಾನ್ ನಿಧಾನ ತಿರುಗುವಾಗ ಕಿಟಕಿಯ ಪರದೆ ಹಾರುವುದಿಲ್ಲ. ಪಕ್ಕದಲ್ಲಿ ಬ್ಲೋವರ್ ಇಟ್ಟು ಹಾರಿಸೋಣ ಎಂದು ಕಲಾ ವಿಭಾಗ ಹೇಳಿತು. ಪರದೆ ಹಾರುವುದು ಬರೀ ಅಲಂಕಾರವಾಗಿದ್ದರೆ ಸರಿ, ಗಾಳಿಯ ಜೋರಿಗೆ ಸಾಕ್ಷಿಯಾಗಿ ಕಾಣಿಸಿದರೆ ಅದು ಮೋಸ. ಅಮೆರಿಕದ ಸುಪ್ರೀಂ ಕೋರ್ಟು 1965ರಲ್ಲಿ ತೀರ್ಮಾನಿಸಿದ ಕೋಲ್ಗೇಟ್-ಪಾಮೋಲಿವ್ ಪ್ರಕರಣ ಇಂಥದ್ದೇ. ಕ್ಷೌರದ ನೊರೆ ಉಪ್ಪುಕಾಗದವನ್ನೂ ನುಣ್ಣಗೆ ಬೋಳಿಸುತ್ತದೆ ಎಂದು ಟಿವಿಯಲ್ಲಿ ತೋರಿಸಿದ್ದರು. ಬ್ಲೇಡಿನ ಕೆಳಗಿದ್ದದ್ದು ಮರಳು ಅಂಟಿಸಿದ ಪ್ಲೆಕ್ಸಿಗ್ಲಾಸ್. ನಿಜವಾದ ಉಪ್ಪುಕಾಗದವನ್ನೂ ಬೋಳಿಸಬಹುದಿತ್ತು, ಆದರೆ ಒಂದು ಗಂಟೆಗೂ ಹೆಚ್ಚು ಹೊತ್ತು ನೆನೆಸಬೇಕಿತ್ತು. ಕಣ್ಣಾರೆ ಕಂಡ ಪುರಾವೆ ಎಂದು ನೋಡುಗರನ್ನು ನಂಬಿಸಿ ನಕಲಿಯನ್ನು ತೋರಿಸಿದ್ದು ತಪ್ಪೆಂದು ಕೋರ್ಟು ಹೇಳಿತು. ಇಲ್ಲಿ ಪರದೆಯ ಶಾಟ್‌ನಲ್ಲಿ ಫ್ಯಾನನ್ನು ಫ್ರೇಮಿನಿಂದ ಹೊರಗಿಟ್ಟು ಪೂರ್ಣ ವೇಗದಲ್ಲಿ ನಿಜವಾಗಿ ಓಡಿಸಿದರು, ಹಗುರ ಬಟ್ಟೆ ಆರಿಸಿದರು. ಬ್ಲೋವರ್ ಬರಲಿಲ್ಲ.

ಒಂದೇ ಶೂಟಿಂಗ್, ಮೂರು ಆಕಾರ

ಟಿವಿಯ ಚೌಕಟ್ಟು 16:9, ಮೊಬೈಲಿನದು 9:16. ಅಗಲದ ಚಿತ್ರದಿಂದ ಉದ್ದದ ತುಂಡು ಕತ್ತರಿಸಿದರೆ ಎಷ್ಟು ಉಳಿಯುತ್ತದೆ? 1920×1080 ಪಿಕ್ಸೆಲಿನ ಚಿತ್ರದಲ್ಲಿ ಪೂರ್ತಿ ಎತ್ತರ ಹಿಡಿದರೂ ಅಗಲ ಸಿಗುವುದು 607 ಪಿಕ್ಸೆಲ್, ಬೇಕಿರುವುದು 1080. ಹಿಗ್ಗಿಸಿದರೆ ಮಂಜು. 3840×2160ರಲ್ಲಿ ತೆಗೆದರೆ 1215 ಪಿಕ್ಸೆಲ್ ಸಿಗುತ್ತದೆ, ಧಾರಾಳ ಸಾಕು. ಹಾಗಾಗಿ ಹೆಚ್ಚಿನ ರೆಸಲ್ಯೂಷನ್ ಎಂಬುದನ್ನು ಶೂಟಿಂಗಿಗೆ ಮುಂಚೆಯೇ ಒಪ್ಪಂದದಲ್ಲಿ ಬರೆಸಿದರು, ಮಾನಿಟರಿನ ಮೇಲೆ ಎರಡೂ ಚೌಕಟ್ಟಿನ ಗೆರೆ ಹಾಕಿಸಿದರು.

ಪಿಕ್ಸೆಲ್ ಸಾಕಾದರೂ ಸಂಯೋಜನೆ ಸಾಲದು. ಮೇಲೆ ಫ್ಯಾನ್, ಎಡಕ್ಕೆ ಹುಡುಗಿ, ಬಲಕ್ಕೆ ಕಿಟಕಿ ಎಂಬ ಅಗಲದ ಶಾಟ್‌ನಲ್ಲಿ ಉದ್ದದ ತುಂಡು ಕತ್ತರಿಸಿದರೆ ಹುಡುಗಿಯ ಅರ್ಧ ಮುಖ ಮಾತ್ರ ಬರುತ್ತದೆ. ಇಂಥ ನಾಲ್ಕು ಶಾಟ್‌ಗಳನ್ನು ಮೊದಲೇ ಗುರುತಿಸಿ ಕ್ಯಾಮೆರಾ ಅಡ್ಡ ಮಲಗಿಸಿ ಬೇರೆಯಾಗಿಯೇ ತೆಗೆದರು. ಸೆಟ್ಟಿನಲ್ಲಿ ಇದಕ್ಕೆ ಹಿಡಿದದ್ದು ಒಂದೂವರೆ ಗಂಟೆ. ಹೋರ್ಡಿಂಗಿಗೆ 2:1 ಆಕಾರದ ಸ್ಥಿರಚಿತ್ರ ಬೇಕಿತ್ತು, ಅಕ್ಷರ ಕೂರಲು ಒಂದು ಬದಿ ಖಾಲಿ ಬಿಟ್ಟು. ಅದಕ್ಕೆ ಫೋಟೊಗ್ರಾಫರ್‌ಗೆ ಪ್ರತ್ಯೇಕ ಎರಡು ಗಂಟೆ ಕೊಟ್ಟರು. 'ಬಿಡುವಾದಾಗ' ಎಂಬುದು ಶೂಟಿಂಗ್ ದಿನ ಬರುವುದೇ ಇಲ್ಲ.

ಹಕ್ಕಿನ ಕಾಲಂ ಮೊದಲ ಸಲ ಕೆಲಸಕ್ಕೆ ಬಂದದ್ದು ಇಲ್ಲಿ. ನಟಿಯ ಒಪ್ಪಂದ ತೆರೆದು ನೋಡಿದರೆ 'ಟಿವಿ ಮತ್ತು ಡಿಜಿಟಲ್, ಒಂದು ವರ್ಷ' ಎಂದಿತ್ತು. ಪಟ್ಟಿಯಲ್ಲಿ ಆಕೆಯ ಮುಖ ಹೋರ್ಡಿಂಗಿನಲ್ಲೂ ಪತ್ರಿಕೆಯಲ್ಲೂ ಸಿನಿಮಾದಲ್ಲೂ ಇದೆ. ಸಂಗೀತದ ಪರವಾನಗಿಯಲ್ಲಿ ಸಿನಿಮಾ ಮಂದಿರ ಇರಲಿಲ್ಲ. ಶೂಟಿಂಗಿಗೆ ಮುಂಚೆ ಕೇಳಿದರೆ ಇವು ಮಾತುಕತೆಯಲ್ಲಿ ಮುಗಿಯುತ್ತವೆ. ಚಿತ್ರ ಸಿದ್ಧವಾದ ಮೇಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಎದುರಿನವರಿಗೆ ನಿಮಗೆ ಬೇರೆ ದಾರಿ ಇಲ್ಲವೆಂದು ಗೊತ್ತಿರುತ್ತದೆ. ಮಾಧ್ಯಮ, ಪ್ರದೇಶ, ಅವಧಿ ಈ ಮೂರನ್ನೂ ಬರೆದ ತಿದ್ದುಪಡಿಗೆ ಇಬ್ಬರಿಂದಲೂ ಸಹಿಯಾಯಿತು.

ಎಡಿಟಿಂಗ್ ಮುಗಿದ ಮೇಲೆ

30 ಸೆಕೆಂಡಿನ ಟಿವಿ ಚಿತ್ರ ಅಂದರೆ 25ರ ಲೆಕ್ಕದಲ್ಲಿ 750 ಫ್ರೇಮ್. ಸಿನಿಮಾ ಮಂದಿರದ ಡಿಸಿಪಿಗೆ (ಮಂದಿರದ ಪ್ರೊಜೆಕ್ಟರಿಗೆ ಕೊಡುವ ಡಿಜಿಟಲ್ ಫೈಲಿಗೆ) ಸಾಮಾನ್ಯವಾಗಿ 24. ಪೋಸ್ಟ್ ಸ್ಟುಡಿಯೊ ಅದೇ 750 ಫ್ರೇಮುಗಳನ್ನು 24ರಲ್ಲಿ ಓಡಿಸಿ ಫೈಲ್ ಕೊಟ್ಟಿತು. ಅವಧಿ 31.25 ಸೆಕೆಂಡಾಯಿತು, ದನಿ ಸುಮಾರು 0.7 ಸೆಮಿಟೋನ್ (ಅರ್ಧ ಸ್ವರಕ್ಕಿಂತ ತುಸು ಕಡಿಮೆ) ಇಳಿಯಿತು. ಹುಡುಗಿಯ ದನಿ ತುಸು ದಪ್ಪಗಾದದ್ದನ್ನು ಯಾರೂ ಗಮನಿಸಲಿಕ್ಕಿಲ್ಲ, ಆದರೆ ಕೊಂಡದ್ದು 30 ಸೆಕೆಂಡಿನ ಸ್ಲಾಟ್. ಉದ್ದವಾದ ಫೈಲನ್ನು ಮಂದಿರಗಳು ತಿರಸ್ಕರಿಸುತ್ತವೆ, ಇಲ್ಲವೇ ಕೊನೆಯ ಕಂಪನಿ ಲಾಂಛನಕ್ಕೇ ಕತ್ತರಿ ಬೀಳುತ್ತದೆ. 30 ಫ್ರೇಮ್ ಕತ್ತರಿಸಿ 720ಕ್ಕೆ ತಂದು, ಆಡಿಯೊವನ್ನು ಮೂಲ ವೇಗದಲ್ಲೇ ಮತ್ತೆ ಹೊಂದಿಸಿದರು. ಟಿವಿಯ ಮಿಕ್ಸನ್ನು ಹಾಗೇ ಬಳಸದೆ ದೊಡ್ಡ ಮಂದಿರಕ್ಕೆಂದು ಬೇರೆ ಮಿಕ್ಸ್ ಮಾಡಿಸಿದರು.

ದನಿಯ ಮಟ್ಟವೂ ಜಾಗದಿಂದ ಜಾಗಕ್ಕೆ ಬೇರೆ. ಯುರೋಪಿನ ಪ್ರಸಾರ ಮಾನದಂಡ ಇಬಿಯು ಆರ್128ರ ಗುರಿ −23 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಅಮೆರಿಕದ ಎ/85ರದ್ದು −24. ಇಂಟರ್ನೆಟ್ ವೇದಿಕೆಗಳು −14ರ ಆಸುಪಾಸಿನಲ್ಲಿ ಕೇಳಿಸುತ್ತವೆ. ಟಿವಿಗೆ −14ರ ಫೈಲ್ ಹೋದರೆ ತಾಂತ್ರಿಕ ತಪಾಸಣೆಯಲ್ಲೇ ವಾಪಸ್. ಟಿವಿಯ ಫೈಲನ್ನು ಮೊಬೈಲಿಗೆ ಹಾಕಿದರೆ ಪಕ್ಕದ ವಿಡಿಯೊಗಳ ಮಧ್ಯೆ ಪಿಸುಗುಟ್ಟಿದಂತಾಗುತ್ತದೆ. ಅದಕ್ಕೇ ಮಾತು, ಸಂಗೀತ, ಪರಿಣಾಮದ ಸದ್ದು ಮೂರನ್ನೂ ಬೇರೆ ಬೇರೆ ಆಡಿಯೊ ಪಟ್ಟಿಗಳಾಗಿ (ಟ್ರ್ಯಾಕ್‌ಗಳಾಗಿ) ಪಡೆದಿಡಬೇಕು.

ಟಿವಿಯಲ್ಲಿ ಅಕ್ಷರಗಳು ಚೌಕಟ್ಟಿನ ನಡುವಿನ ನೂರಕ್ಕೆ 90 ಭಾಗದೊಳಗೆ ಇರಬೇಕು. ಚಿತ್ರದ ಕೊನೆಯಲ್ಲಿ ಬೆಳಕು ಪಕಪಕ ಮಿಂಚುವ ಒಂದು ತುಣುಕಿತ್ತು, ಅದನ್ನು ತೆಗೆಸಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಪರದೆಯಿಡೀ ಮಿಂಚಿದರೆ ಅಪಸ್ಮಾರ ಇರುವವರಿಗೆ ಅಪಾಯ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಕೆಂಪು-ನೀಲಿ ಬೆಳಕು ಪಟಪಟನೆ ಮಿಂಚಿದ ಕಾರ್ಟೂನ್ ಕಂತೊಂದನ್ನು ನೋಡಿ 600ಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ದಿದ್ದರು.

ಮೊಬೈಲಿನ ರೂಪಗಳಿಗೆ ಸಬ್‌ಟೈಟಲ್ ಕಡ್ಡಾಯ, ಬಹಳ ಜನ ದನಿ ಮುಚ್ಚಿಯೇ ನೋಡುತ್ತಾರೆ. ಒತ್ತಕ್ಷರ ಇರುವ ಲಿಪಿಯಲ್ಲಿ ಎರಡು ಸಾಲಿನ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಣಿತಕ್ಕೆ ತಾಗುತ್ತದೆ. ವೆಬ್ ಬ್ಯಾನರುಗಳಲ್ಲಿ 300×250, 728×90, 320×50, 160×600 ಎಂಬ ನಾಲ್ಕಕ್ಕೂ ಮಿತಿ 150 ಕೆಬಿ. ಒಂದು 210 ಕೆಬಿ ಬಂದಿತ್ತು. ಫ್ಯಾನಿನ ಫೋಟೊ ಅಗತ್ಯಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಒಳಗೆ ಕೂತಿತ್ತು.

ನ್ಯೂಸ್‌ಪ್ರಿಂಟಿನ ಮೇಲೆ ಬಿಳಿ ಫ್ಯಾನ್

ಮ್ಯಾಗಜಿನ್ ಪುಟ ಸುಂದರವಾಗಿ ಬಂದಿತ್ತು. ಅದೇ ಫೈಲನ್ನು ಅಳತೆ ಬದಲಿಸಿ ದಿನಪತ್ರಿಕೆಗೆ ಕಳಿಸೋಣ ಎಂದು ಏಜೆನ್ಸಿ ಹೊರಟಿತು. ಇಡೀ ಪ್ರಕರಣದಲ್ಲಿ ಹೊಸಬರು ಹೆಚ್ಚು ಕಲಿಯುವ ಜಾಗ ಇದು.

ಮ್ಯಾಗಜಿನ್ ನುಣುಪು ಕಾಗದ, ಶಾಯಿ ಮೇಲೆಯೇ ನಿಲ್ಲುತ್ತದೆ. ಒಂದೊಂದು ಬಣ್ಣಕ್ಕೆ ಗರಿಷ್ಠ 100% ಎಂಬ ಲೆಕ್ಕದಲ್ಲಿ ನಾಲ್ಕು ಬಣ್ಣಗಳ ಶಾಯಿ ಸೇರಿ 300% ಆದರೂ ತಡೆಯುತ್ತದೆ. ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ, ಅಲ್ಲಿ ಒಟ್ಟು ಮಿತಿ 240%. ದಾಟಿದರೆ ಹಿಂಬದಿಯ ಪುಟಕ್ಕೆ ಇಳಿಯುತ್ತದೆ, ಓದುವವರ ಬೆರಳಿಗೂ ಹತ್ತುತ್ತದೆ. ಹೀರಿದ ಚುಕ್ಕಿ ಹರಡುತ್ತದೆ. ಪತ್ರಿಕೆ ಮುದ್ರಣದ ಐಎಸ್‌ಒ 12647-3 ಮಾನದಂಡ ಲೆಕ್ಕ ಹಾಕುವುದು 26% ಹಿಗ್ಗುವಿಕೆ. ಫೈಲಿನಲ್ಲಿ 50% ಇರುವ ಬೂದು ಕಾಗದದ ಮೇಲೆ 76% ಆಗುತ್ತದೆ. ಮ್ಯಾಗಜಿನ್ನಿನಲ್ಲಿ ಮಂದ ನೆರಳಾಗಿದ್ದ ಭಾಗ ಪತ್ರಿಕೆಯಲ್ಲಿ ಮಸಿ.

ಇನ್ನು ಬಿಳಿ. ಈ ನಾಲ್ಕು ಬಣ್ಣದ ಮುದ್ರಣದಲ್ಲಿ ಬಿಳಿ ಶಾಯಿ ಎಂಬುದಿಲ್ಲ, ಬಿಳಿ ಅಂದರೆ ಕಾಗದವೇ. ನ್ಯೂಸ್‌ಪ್ರಿಂಟಿನ ಬಿಳಿ ಬೂದು ಹಳದಿ. ಬಿಳಿ ಫ್ಯಾನನ್ನು ತಿಳಿ ಹಿನ್ನೆಲೆಯ ಮೇಲಿಟ್ಟರೆ ಫ್ಯಾನ್ ಮಾಯ. ಹಿನ್ನೆಲೆಗೆ ಗಾಢ ನೀಲಿ ಹಾಕಿಸಿ, ರೆಕ್ಕೆಯ ನೆರಳುಗಳನ್ನು ತಿಳಿಮಾಡಿಸಿ, ಪತ್ರಿಕೆಯ ಬಣ್ಣದ ಪ್ರೊಫೈಲಿನಲ್ಲಿ ನಾಲ್ಕು ಶಾಯಿಗಳಿಗೆ ಹೊಸದಾಗಿ ಬೇರ್ಪಡಿಸಿದರು.

ಗಾಢ ಹಿನ್ನೆಲೆ ಬಂದ ಕೂಡಲೇ ಅಡಿಟಿಪ್ಪಣಿ ನೀಲಿಯ ಮೇಲೆ ಬಿಳಿ ಅಕ್ಷರವಾಯಿತು, 7 ಪಾಯಿಂಟಿನಲ್ಲಿ. ಹಿನ್ನೆಲೆ ಮೂರು ಬಣ್ಣದ ಮಿಶ್ರಣ. ವೇಗವಾಗಿ ಓಡುವ ಯಂತ್ರದಲ್ಲಿ ಒಂದು ಬಣ್ಣದ ಪ್ಲೇಟ್ ಕೂದಲೆಳೆ ಸರಿದರೂ ಸಣ್ಣ ಬಿಳಿ ಅಕ್ಷರದ ಹೊಟ್ಟೆಯೊಳಗೆ ಆ ಬಣ್ಣ ನುಗ್ಗುತ್ತದೆ. ಅಡಿಟಿಪ್ಪಣಿಯನ್ನು ಕೆಳಗೆ ಖಾಲಿ ಪಟ್ಟಿಗೆ ಇಳಿಸಿ, ಕಪ್ಪು ಶಾಯಿಯೊಂದರಲ್ಲೇ ಅಚ್ಚಾಗುವಂತೆ ಮಾಡಿದರು. ಫೈಲ್ ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್ ಬಗೆಯದು, ಫಾಂಟುಗಳು ಒಳಗೇ ಅಡಕ. ಪ್ರೂಫ್ ಹೊಳಪು ಕಾಗದದಲ್ಲಿ ಬಂದಾಗ ಕಿರಿಯ ಪ್ರೊಡ್ಯೂಸರ್ ವಾಪಸ್ ಕಳಿಸಿದಳು. ನ್ಯೂಸ್‌ಪ್ರಿಂಟಿನ ನೆರಳನ್ನು ತೋರಿಸದ ಪ್ರೂಫಿಗೆ ಸಹಿ ಹಾಕಿ ಏನು ಪ್ರಯೋಜನ?

ಹೋರ್ಡಿಂಗಿನದು ಬೇರೆ ಗಣಿತ. 40×20 ಅಡಿಯ ಫ್ಲೆಕ್ಸು, 300 ಅಡಿ ದೂರದಿಂದ ಓದಬೇಕು. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎಂಬ ರೂಢಿಯ ಲೆಕ್ಕದಲ್ಲಿ ಅಕ್ಷರದ ಎತ್ತರ 30 ಅಂಗುಲ, ಒತ್ತು-ಗುಣಿತ ಬಿಟ್ಟು. ಗಂಟೆಗೆ 60 ಕಿ.ಮೀ. ವೇಗದ ವಾಹನಕ್ಕೆ ಆ ದೂರ ಸವೆಯಲು ಐದೂವರೆ ಸೆಕೆಂಡು. ಅಷ್ಟರಲ್ಲಿ ಏಳು ಪದ ಓದಿದರೆ ಹೆಚ್ಚು. ವಾರಂಟಿ, ವೆಬ್ ವಿಳಾಸ, ಅಂಗಡಿಗಳ ಪಟ್ಟಿ ಎಲ್ಲ ಹೊರಬಿದ್ದವು. ಇತ್ತ ಫೋಟೊ ಬಗ್ಗೆ ಏಜೆನ್ಸಿಗೆ ವೃಥಾ ಗಾಬರಿ: 8192 ಪಿಕ್ಸೆಲ್ ಅಗಲದ ಚಿತ್ರವನ್ನು 480 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 17 ಪಿಕ್ಸೆಲ್ ಮಾತ್ರ. ಒಂದು ಪಿಕ್ಸೆಲ್ 1.5 ಮಿ.ಮೀ. ಆಯಿತು. 300 ಅಡಿಯಿಂದ ಒಳ್ಳೆಯ ಕಣ್ಣು ಕೂಡ ಸುಮಾರು 27 ಮಿ.ಮೀ.ಗಿಂತ ಸಣ್ಣದನ್ನು ಬೇರ್ಪಡಿಸಲಾರದು. ಧಾರಾಳವಾಯಿತು.

ಏಳನೆಯ ವಾರದ ಫೋನು

ಬಿಡುಗಡೆಗೆ 9 ದಿನ ಇರುವಾಗ ಕಂಪನಿ ವಾರಂಟಿಯನ್ನು 2 ವರ್ಷದಿಂದ 3ಕ್ಕೆ ಏರಿಸಿತು. 'ಒಂದು ಅಂಕಿ ತಾನೇ, ಎಲ್ಲದರಲ್ಲೂ ಬದಲಿಸಿಬಿಡಿ' ಎಂದರು ಮಾರ್ಕೆಟಿಂಗ್‌ನವರು.

ಕಿರಿಯ ಪ್ರೊಡ್ಯೂಸರ್ ಪಟ್ಟಿ ತೆರೆದು 'ಕೊಟ್ಟ ಮಾತು' ಕಾಲಂನಲ್ಲಿ ವಾರಂಟಿ ಹುಡುಕಿದಳು. 18ರಲ್ಲಿ 8 ಕಡೆ ಇತ್ತು: ಟಿವಿಯ 30 ಸೆಕೆಂಡು, ಸಿನಿಮಾ, ರೇಡಿಯೊ, ದಿನಪತ್ರಿಕೆಯ ಎರಡು, ಮ್ಯಾಗಜಿನ್, ಬಸ್ ತಂಗುದಾಣ, ಒಂದು ಬ್ಯಾನರ್. ಹೋರ್ಡಿಂಗುಗಳಲ್ಲಿ ಇರಲಿಲ್ಲ. ಮ್ಯಾಗಜಿನ್ ಅಚ್ಚಾಗಿ ಹೋಗಿತ್ತು. ಅದನ್ನು ಹಾಗೇ ಬಿಡಲು ನಿರ್ಧರಿಸಿದರು. ಕೊಡುವುದಕ್ಕಿಂತ ಕಡಿಮೆ ಹೇಳಿದರೆ ಗ್ರಾಹಕರಿಗೆ ನಷ್ಟವಿಲ್ಲ. ಬದಲಾವಣೆ 3ರಿಂದ 2ಕ್ಕೆ ಆಗಿದ್ದಿದ್ದರೆ ಆ ಸಂಚಿಕೆಗೆ ತಿದ್ದುಪಡಿ ಪ್ರಕಟಣೆ ಕೊಡಲೇಬೇಕಿತ್ತು.

ಉಳಿದ 7ರಲ್ಲಿ ಅಂಕಿ ಬದಲಿಸುವುದು ಎಂದರೆ ಒಂದೇ ಕೆಲಸವಲ್ಲ. ಪತ್ರಿಕೆ, ಬ್ಯಾನರ್ ಅರ್ಧ ಗಂಟೆಯ ಮಾತು. ಟಿವಿಯಲ್ಲಿ ಕೊನೆಯ ಕಾರ್ಡಿನ ಅಕ್ಷರವೂ ಬದಲಾಗಬೇಕು, 'ಎರಡು' ಎಂದು ಹೇಳಿದ ದನಿಯೂ. ಒಂದೇ ಪದ ಕತ್ತರಿಸಿ ಅಂಟಿಸಿದರೆ ರಾಗ ಕೂಡುವುದಿಲ್ಲ, ಇಡೀ ವಾಕ್ಯವನ್ನೇ ಅದೇ ಮೈಕು, ಅದೇ ಕೋಣೆಯಲ್ಲಿ ಮತ್ತೆ ಓದಿಸಬೇಕು. ಅಕ್ಷರವಿಲ್ಲದ ಮಾಸ್ಟರ್, ಬೇರೆ ಬೇರೆ ಆಡಿಯೊ ಪಟ್ಟಿಗಳು ಕೈಲಿದ್ದುದರಿಂದ ಮರುದಿನ ಸಂಜೆಗೆ ಮುಗಿಯಿತು. ಸಿನಿಮಾ ಫೈಲ್ ಹಿಂದಿನ ದಿನವಷ್ಟೇ ಹೋಗಿತ್ತು, ಹೊಸದನ್ನು ಹೊಸ ಗುರುತಿನ ಸಂಖ್ಯೆಯಲ್ಲಿ ಕಳಿಸಿ ಹಳೆಯದನ್ನು ಅಳಿಸಿದ್ದಾಗಿ ಲಿಖಿತ ಉತ್ತರ ತರಿಸಿಕೊಂಡರು. ಹೆಚ್ಚುವರಿ ಖರ್ಚನ್ನು ಕೆಲಸ ಶುರುವಾಗುವ ಮುಂಚೆಯೇ ಮಾರ್ಕೆಟಿಂಗ್‌ನವರ ಸಹಿಯೊಂದಿಗೆ ಮೀಸಲಿನಿಂದ ತೆಗೆದರು.

ಆದರೂ ಒಂದು ಜಾರಿತು. ಬಸ್ ತಂಗುದಾಣದ ಫಲಕಗಳಲ್ಲಿ ಒಂದು ಕಂತು '2 ವರ್ಷ' ಎಂದೇ ಅಚ್ಚಾಗಿ ಬಂತು. ಮುದ್ರಕರ ಕಂಪ್ಯೂಟರಿನಲ್ಲಿ ಹಳೆಯ ಫೈಲಿನ ಹೆಸರು 'ಫೈನಲ್', ಹೊಸದರ ಹೆಸರು 'ಫೈನಲ್-ಹೊಸದು'. ರಾತ್ರಿ ಪಾಳಿಯವರು ಮೊದಲನೆಯದನ್ನು ತೆರೆದಿದ್ದರು. ಬ್ಯಾಕ್‌ಲಿಟ್ ಫಲಕಕ್ಕೆ ಅಂಕಿಯ ಮೇಲೆ ಸ್ಟಿಕರ್ ಅಂಟಿಸಲಾಗದು, ಹಿಂದಿನಿಂದ ಬೆಳಕು ಬಿದ್ದಾಗ ಅದು ಕಪ್ಪು ಚೌಕವಾಗಿ ಕಾಣುತ್ತದೆ. ಮತ್ತೆ ಮುದ್ರಿಸಿದರು. ಫೈಲಿನ ಹೆಸರಿನಲ್ಲಿ 'ಫೈನಲ್' ಎಂಬ ಪದವನ್ನು ಅಂದಿನಿಂದ ನಿಷೇಧಿಸಿ, ಕೆಲಸದ ಸಂಖ್ಯೆ, ಮಾಧ್ಯಮ, ಅಳತೆ, ಆವೃತ್ತಿ ಸಂಖ್ಯೆ, ದಿನಾಂಕ ಎಂಬ ಕ್ರಮ ತಂದರು. ಹೊಸ ಆವೃತ್ತಿ ಹೋದಾಗ ಹಳೆಯದನ್ನು ಅಳಿಸಿದ್ದಕ್ಕೆ ಉತ್ತರ ಪಡೆಯುವ ಕ್ರಮ ಸಿನಿಮಾಕ್ಕೆ ಮಾತ್ರ ಇತ್ತು, ಅದು ಎಲ್ಲ 18 ಸಾಲಿಗೂ ಬಂತು.

ಬಿಡುಗಡೆಯ ನಂತರ

ಪತ್ರಿಕೆಗಳಿಂದ ಅಚ್ಚಾದ ಪುಟ, ವಾಹಿನಿಗಳಿಂದ ಪ್ರಸಾರದ ಲಾಗ್, ಪ್ರತಿ ಹೋರ್ಡಿಂಗಿನ ಹಗಲು ಮತ್ತು ರಾತ್ರಿಯ ಫೋಟೊ ತರಿಸಿ ಬಿಲ್ಲಿಗೆ ಲಗತ್ತಿಸಿದರು. ಮಾಸ್ಟರುಗಳು, ಅಕ್ಷರವಿಲ್ಲದ ಪ್ರತಿ, ಆಡಿಯೊ ಪಟ್ಟಿಗಳು, ಮೂಲ ಫೋಟೊಗಳು, ಲ್ಯಾಬ್ ವರದಿ, ಒಪ್ಪಂದಗಳು ಎರಡು ಬೇರೆ ಜಾಗಗಳಲ್ಲಿ ಶೇಖರವಾದವು. ಕ್ಯಾಲೆಂಡರಿನಲ್ಲಿ ಒಂದು ದಿನಾಂಕವನ್ನೂ ಗುರುತು ಹಾಕಿದರು: ನಟಿಯ ಒಪ್ಪಂದ ಮುಗಿಯುವುದಕ್ಕೆ 30 ದಿನ ಮುಂಚಿನದು. ಟಿವಿ ಜಾಹೀರಾತು ಸ್ಲಾಟ್ ಮುಗಿದಾಗ ತಾನೇ ನಿಲ್ಲುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ, ವಿತರಕರ ಪುಟಗಳಲ್ಲಿ, ವಿಡಿಯೊ ಚಾನೆಲ್ಲಿನಲ್ಲಿ ಇರುವುದನ್ನು ಯಾರಾದರೂ ಕೂತು ಇಳಿಸಬೇಕು, ಅಥವಾ ಅವಧಿ ಮುಂದುವರಿಸಲು ಹಣ ಕಟ್ಟಬೇಕು. ಆ 30 ದಿನ ಇರುವುದು ಎರಡರಲ್ಲೊಂದನ್ನು ತೀರ್ಮಾನಿಸಲು.